ಊಟದ ಮೇಜಿನ ಹಾಕಿ ವಾದಕ್ಕೆ ಕೂರುವ ಮುನ್ನ

ಟೊರಾಂಟೊಗೆ ಬಂದು ಮೂರು ತಿಂಗಳಾಯಿತು, ಆಫೀಸಿನಲ್ಲಿ ಊಟಕ್ಕೆ ಕೂತರೆ ‘ಹಾಕಿ ಚರಿತ್ರೆಯಲ್ಲೇ ಶ್ರೇಷ್ಠ ರಾಷ್ಟ್ರ ತಂಡ ಯಾವುದು’ ಅನ್ನುವ ವಾದ ಶುರುವಾಗುತ್ತದೆ, ಏನು ಮಾತಾಡಬೇಕೋ ತಿಳಿಯುವುದಿಲ್ಲ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಇಲ್ಲಿಯವರ ಜೊತೆ ಬೆರೆಯುವುದಕ್ಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಮೊದಲು ಎರಡು ಸಣ್ಣ ವಿಷಯ. ಇಲ್ಲಿ ‘ಐಸ್ ಹಾಕಿ’ ಅಂತ ಯಾರೂ ಅನ್ನುವುದಿಲ್ಲ, ಹಾಕಿ ಅಂದರೆ ಐಸ್ ಮೇಲಿನದೇ. ನಮ್ಮ ಕೊಡಗಿನವರು ಆಡುವ ಆಟಕ್ಕೆ ಇಲ್ಲಿ ‘ಫೀಲ್ಡ್ ಹಾಕಿ’ ಅನ್ನಬೇಕು. ಗೋಲ್‌ಕೀಪರನ್ನು ‘ಗೋಲಿ’ ಅಂತಾರೆ. ಗೋಲಿ ಸೇರಿ ಆರು ಜನ, 20 ನಿಮಿಷದ ಮೂರು ಪೀರಿಯಡ್. ಮುಕ್ಕಾಲು ನಿಮಿಷಕ್ಕೊಮ್ಮೆ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ಪೂರ್ತಿ ವೇಗದಲ್ಲಿ ಸ್ಕೇಟ್ ಮಾಡಿದರೆ ಕಾಲು ಅಷ್ಟು ಹೊತ್ತಿಗೇ ಸೋಲುತ್ತದೆ. ಈ ಸರದಿಗೆ ‘ಶಿಫ್ಟ್’ ಅಂತ ಹೆಸರು.

ಇನ್ನು ವಾದ. ಹೊಸಬರು ಮಾಡುವ ತಪ್ಪೆಂದರೆ ಪದಕ ಎಣಿಸುವುದು. ಎಣಿಸಿದರೆ ಸೋವಿಯತ್ ಒಕ್ಕೂಟದ ಮುಂದೆ ಯಾರೂ ನಿಲ್ಲುವುದಿಲ್ಲ: 1956ರಿಂದ 1988ರ ಒಳಗೆ ಏಳು ಒಲಿಂಪಿಕ್ ಚಿನ್ನ, ಒಟ್ಟು 22 ವಿಶ್ವ ಚಾಂಪಿಯನ್‌ಶಿಪ್, ಅದರಲ್ಲಿ 1963ರಿಂದ 1971ರವರೆಗೆ ಸತತ ಒಂಬತ್ತು. ನೀವು ಇಷ್ಟು ಹೇಳಿದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಮಾತು: ‘ನಮ್ಮವರು ಆಗ ಎಲ್ಲಿದ್ದರು?’ ಅವರು ಕೇಳುವುದು ಸರಿಯಾಗಿಯೇ ಇದೆ. ಆ ಟೂರ್ನಿಗಳಲ್ಲಿ ಹವ್ಯಾಸಿಗಳಿಗೆ ಮಾತ್ರ ಜಾಗ, ಕೆನಡಾದ ಒಳ್ಳೆಯ ಆಟಗಾರರೆಲ್ಲ ಎನ್‌ಎಚ್‌ಎಲ್ ಅನ್ನುವ ಇಲ್ಲಿಯ ವೃತ್ತಿಪರ ಲೀಗಿನಲ್ಲಿ ಸಂಬಳಕ್ಕೆ ಆಡುವವರು. ಹಾಗಾಗಿ ಕೆನಡಾ ಊರಿನ ಕ್ಲಬ್ಬುಗಳನ್ನು ಕಳಿಸುತ್ತಿತ್ತು. 1952ರಲ್ಲಿ ಒಲಿಂಪಿಕ್ ಚಿನ್ನ ತಂದದ್ದು ಎಡ್ಮಂಟನ್ ಮರ್ಕ್ಯುರೀಸ್ ಅನ್ನುವ ಕ್ಲಬ್. 1961ರಲ್ಲಿ ವಿಶ್ವ ಚಾಂಪಿಯನ್ ಆದದ್ದು ಟ್ರೇಲ್ ಅನ್ನುವ ಪುಟ್ಟ ಊರಿನ ಸ್ಮೋಕ್ ಈಟರ್ಸ್. ಸೋವಿಯತ್ ಆಟಗಾರರಲ್ಲಿ ಅನೇಕರು ಕಾಗದದ ಮೇಲೆ ಸೈನ್ಯದ ಅಧಿಕಾರಿಗಳು, ವರ್ಷದ ಬಹುಪಾಲು ಅವರ ಕೆಲಸ ಹಾಕಿಯೊಂದೇ. ಇದನ್ನು ವಿರೋಧಿಸಿ ಕೆನಡಾ 1970ರಿಂದ 1976ರವರೆಗೆ ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಗೇ ಉಳಿಯಿತು.

ಆದ್ದರಿಂದ ಯಾರು ಯಾವ ತಂಡದ ಹೆಸರು ಹೇಳಿದರೂ ನೀವು ಕೇಳಬೇಕಾದ್ದು ಇದು: ಆ ಸಲ ಎಲ್ಲ ದೇಶಗಳ ಅತ್ಯುತ್ತಮರಿಗೂ ಐಸ್ ಮೇಲೆ ಇಳಿಯಲು ಅವಕಾಶ ಇತ್ತಾ? 2022ರವರೆಗೆ ನೋಡಿದರೆ ಇತ್ತು ಅನ್ನಬಹುದಾದವು ಬೆರಳೆಣಿಕೆ. 1972ರ ಕೆನಡಾ–ಸೋವಿಯತ್ ಸರಣಿ; 1976, 81, 84, 87, 91ರ ಕೆನಡಾ ಕಪ್; 1996, 2004, 2016ರ ವರ್ಲ್ಡ್ ಕಪ್; 1998ರಿಂದ 2014ರವರೆಗಿನ ಐದು ಒಲಿಂಪಿಕ್ಸ್. 2018 ಮತ್ತು 2022ರಲ್ಲಿ ಎನ್‌ಎಚ್‌ಎಲ್ ಆಟಗಾರರನ್ನು ಬಿಡಲಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ನಡೆಯುವ ವಿಶ್ವ ಚಾಂಪಿಯನ್‌ಶಿಪ್ಪನ್ನೂ ಈ ಸಾಲಿಗೆ ಸೇರಿಸಬೇಡಿ, ಅದೇ ಹೊತ್ತಿಗೆ ಎನ್‌ಎಚ್‌ಎಲ್ ಪ್ಲೇಆಫ್ ನಡೆಯುತ್ತಿರುತ್ತದೆ. ಮೇಜಿನಲ್ಲಿ ಯುರೋಪಿನವರಿದ್ದರೆ ಇದನ್ನು ಮೆತ್ತಗೆ ಹೇಳಿ, ಅಲ್ಲಿ ಆ ಟೂರ್ನಿಗೆ ಬಹಳ ಮರ್ಯಾದೆ ಇದೆ.

ಅರವತ್ತು ದಾಟಿದ ಕೆನಡಿಯನ್ನರು 1972ರ ತಂಡದ ಹೆಸರೇ ಹೇಳುತ್ತಾರೆ. ಎಂಟು ಪಂದ್ಯ, ನಾಲ್ಕು ಇಲ್ಲಿ, ನಾಲ್ಕು ಮಾಸ್ಕೋದಲ್ಲಿ. ಎಲ್ಲವನ್ನೂ ಸುಲಭವಾಗಿ ಗೆಲ್ಲುತ್ತೇವೆಂದು ಹೊರಟವರು ಮಾಂಟ್ರಿಯಲ್‌ನ ಮೊದಲ ಪಂದ್ಯದಲ್ಲೇ 7–3ರಿಂದ ಸೋತರು. ಕೊನೆಯ ಮೂರನ್ನೂ ಒಂದೊಂದೇ ಗೋಲಿನಿಂದ ಗೆದ್ದು ಸರಣಿ ಕೆನಡಾಗೆ, 4–3, ಒಂದು ಡ್ರಾ. ಮೂರರಲ್ಲೂ ಗೆಲುವಿನ ಗೋಲು ಪಾಲ್ ಹೆಂಡರ್ಸನ್‌ನದು, ಎಂಟನೆಯದರಲ್ಲಿ 34 ಸೆಕೆಂಡ್ ಉಳಿದಿದ್ದಾಗ. ದೇಶಕ್ಕೆ ದೇಶವೇ ನೆನಪಿಟ್ಟುಕೊಂಡ ಕ್ಷಣ ಅದು, ಅದಕ್ಕೆ ಗೌರವ ಕೊಡಿ. ಆದರೆ ಶ್ರೇಷ್ಠ ತಂಡ ಅನ್ನುವುದಕ್ಕೆ ಅದು ಸಾಲದು. ಒಟ್ಟು ಗೋಲು ಸೋವಿಯತ್ 32, ಕೆನಡಾ 31. ಕೆನಡಾದ ದೊಡ್ಡ ಆಟಗಾರ ಬಾಬಿ ಆರ್ ಮಂಡಿ ನೋವಿನಿಂದ ಆಡಲಿಲ್ಲ. ಬೇರೆ ಲೀಗಿಗೆ ಹೋದ ಅಂತ ಇನ್ನೊಬ್ಬ ದೊಡ್ಡ ಆಟಗಾರ ಬಾಬಿ ಹಲ್‌ನನ್ನು ಬಿಟ್ಟಿದ್ದರು. ಆರನೆಯ ಪಂದ್ಯದಲ್ಲಿ ಕೆನಡಾದ ಬಾಬಿ ಕ್ಲಾರ್ಕ್ ಸ್ಟಿಕ್ಕಿನಿಂದ ಸೋವಿಯತ್ ತಾರೆ ಖಾರ್ಲಾಮೊವ್‌ನ ಕಾಲಿನ ಗಿಣ್ಣಿಗೆ ಹೊಡೆದ. ಏಳನೆಯದಕ್ಕೆ ಖಾರ್ಲಾಮೊವ್ ಇಲ್ಲ, ಎಂಟನೆಯದಕ್ಕೆ ಬಂದರೂ ಮೊದಲಿನ ಚುರುಕಿಲ್ಲ. ಆ ಏಟು ಆಟದ ಭಾಗವಲ್ಲ, ಅದು ತಪ್ಪು.

ಅಮೆರಿಕದವರು ಇದ್ದರೆ 1980ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್ ಬಂದೇ ಬರುತ್ತದೆ. ಕಾಲೇಜು ಹುಡುಗರು ಸೋವಿಯತ್ ತಂಡವನ್ನು 4–3ರಿಂದ ಸೋಲಿಸಿದ ಪಂದ್ಯ. ಅದು ಫೈನಲ್ ಅಂತ ಮಾತ್ರ ಹೇಳಬೇಡಿ. ಅದು ಪದಕ ಸುತ್ತಿನ ಒಂದು ಪಂದ್ಯ, ಎರಡು ದಿನ ಬಿಟ್ಟು ಫಿನ್‌ಲ್ಯಾಂಡನ್ನು 4–2ರಿಂದ ಗೆದ್ದ ಮೇಲೆಯೇ ಚಿನ್ನ ಖಾತ್ರಿಯಾದದ್ದು. ಗೋಲಿನತ್ತ ಸೋವಿಯತ್ ಹೊಡೆತ 39, ಅಮೆರಿಕದ್ದು 16. ಮೊದಲ ಪೀರಿಯಡ್ ಮುಗಿದ ಕೂಡಲೇ ಸೋವಿಯತ್ ಕೋಚ್ ಟಿಖೊನೊವ್ ತಮ್ಮ ಗೋಲಿ ಟ್ರೆಟ್ಯಾಕ್‌ನನ್ನು ಹೊರಗೆ ಕೂರಿಸಿದರು. ಅತಿ ದೊಡ್ಡ ಗೆಲುವು ಬೇರೆ, ಅತಿ ದೊಡ್ಡ ತಂಡ ಬೇರೆ.

ಚೆಕ್ ಸಹೋದ್ಯೋಗಿ ಇದ್ದರೆ 1998ರ ನಗಾನೊ ಒಲಿಂಪಿಕ್ಸ್ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ಸೆಮಿಫೈನಲ್ ಶೂಟೌಟ್‌ನಲ್ಲಿ ಚೆಕ್ ಗೋಲಿ ಡೊಮಿನಿಕ್ ಹಶೆಕ್ ಕೆನಡಾದ ಐದಕ್ಕೆ ಐದೂ ಹೊಡೆತ ತಡೆದ, ಆ ಐವರಲ್ಲಿ ಕೆನಡಾದ ಅತಿ ದೊಡ್ಡ ಆಟಗಾರ ಗ್ರೆಟ್ಸ್ಕಿ ಇರಲೇ ಇಲ್ಲ. ಫೈನಲ್‌ನಲ್ಲಿ ರಷ್ಯಾ ಮೇಲೆ 1–0.

ನನ್ನ ಅಭಿಪ್ರಾಯ ಕೇಳಿದರೆ 1980ರ ದಶಕದ ಮೊದಲ ಭಾಗದ ಸೋವಿಯತ್ ತಂಡವೇ ಶ್ರೇಷ್ಠ, ಅದನ್ನು ಪದಕದ ಲೆಕ್ಕ ಮುಟ್ಟದೆಯೇ ವಾದಿಸಬಹುದು. ಲಾರಿಯೊನೊವ್, ಕ್ರುಟೊವ್, ಮಕಾರೊವ್ ಮುಂದೆ. ಫೆಟಿಸೊವ್, ಕಸಾಟೊನೊವ್ ಹಿಂದೆ. ಈ ಐವರೂ ಒಂದೇ ಸೇನಾ ಕ್ಲಬ್ಬಿನವರು, ಐವರೂ ಒಟ್ಟಿಗೇ ಇಳಿದು ಒಟ್ಟಿಗೇ ಹೊರಗೆ ಬರುವವರು. ಆಗ ಎನ್‌ಎಚ್‌ಎಲ್‌ನಲ್ಲಿ ಎದುರಾಳಿಯ ಬ್ಲೂಲೈನ್ (ಅವರ ವಲಯ ಶುರುವಾಗುವ ನೀಲಿ ಗೆರೆ) ಹತ್ತಿರ ದಾರಿ ಮುಚ್ಚಿದ್ದರೆ ಪಕ್ಕನ್ನು (ಇಲ್ಲಿ ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಮೂಲೆಗೆ ಎಸೆದು ಅದರ ಹಿಂದೆ ಓಡುವುದು ರೂಢಿ. ಇವರು ಹಾಗೆ ಪಕ್ ಕೈಬಿಡುತ್ತಿರಲಿಲ್ಲ. ದಾರಿ ಮುಚ್ಚಿದ್ದರೆ ಹಿಂದಕ್ಕೆ ಪಾಸ್ ಮಾಡಿ, ಮಧ್ಯದಲ್ಲಿ ಒಂದು ಸುತ್ತು ಹಾಕಿ, ಐವರೂ ಮತ್ತೆ ವೇಗ ಹಿಡಿದು ಬರುತ್ತಿದ್ದರು. ಎದುರಾಳಿ ಅಷ್ಟು ಹೊತ್ತಿಗೆ ನಿಂತಲ್ಲೇ ನಿಂತಿರುತ್ತಾನೆ. 1981ರ ಕೆನಡಾ ಕಪ್ ಫೈನಲ್‌ನಲ್ಲಿ ಗ್ರೆಟ್ಸ್ಕಿ ಇದ್ದ ಕೆನಡಾವನ್ನು ಮಾಂಟ್ರಿಯಲ್‌ನಲ್ಲೇ 8–1ರಿಂದ ಸೋಲಿಸಿದ್ದು ಹೀಗೆ, ಜೊತೆಗೆ ಟ್ರೆಟ್ಯಾಕ್‌ನ ಬಲದಿಂದ. ಎದುರಿಗಿದ್ದವರು ಮೂರು ಮಾತು ಎತ್ತುತ್ತಾರೆ, ಸಿದ್ಧರಾಗಿರಿ: ಅದು ಒಂದೇ ಪಂದ್ಯದ ಫೈನಲ್, ಅದೇ ಟೂರ್ನಿಯ ಲೀಗ್ ಹಂತದಲ್ಲಿ ಕೆನಡಾ 7–3ರಿಂದ ಗೆದ್ದಿತ್ತು, 1984ರ ಸೆಮಿಫೈನಲ್‌ನಲ್ಲೂ ಓವರ್‌ಟೈಮ್‌ನಲ್ಲಿ 3–2ರಿಂದ ಗೆದ್ದಿತು. ಮೂರೂ ನಿಜ. ಅದಕ್ಕೇ ಈ ವಾದ ಇನ್ನೂ ಮುಗಿದಿಲ್ಲ. ಹಾಂ, ಆ ತಂಡವನ್ನು ‘ರಷ್ಯಾ’ ಅನ್ನಬೇಡಿ. ಹಿಂದಿನ ವರ್ಷಗಳಲ್ಲಿ ಅದರ ದೊಡ್ಡ ಗೋಲುಗಾರ ಬಾಲ್ಡೆರಿಸ್ ಲಾಟ್ವಿಯಾದವನು.

ಇದಕ್ಕೆ ನಿಜವಾಗಿ ಸಾಟಿ ಅನ್ನಬಹುದಾದದ್ದು 2014ರ ಸೋಚಿ ಒಲಿಂಪಿಕ್ಸ್‌ನ ಕೆನಡಾ. ಆರು ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು ಮೂರೇ ಗೋಲು, ಒಂದು ಕ್ಷಣವೂ ಹಿಂದೆ ಬೀಳಲಿಲ್ಲ. ಸೆಮಿಫೈನಲ್ 1–0, ಫೈನಲ್ 3–0. ಕೋಚ್ ಬ್ಯಾಬ್‌ಕಾಕ್ ಡಿಫೆನ್ಸ್‌ನ ಪ್ರತಿ ಜೋಡಿಯಲ್ಲೂ ಒಬ್ಬ ಎಡಗಡೆಯಿಂದ, ಒಬ್ಬ ಬಲಗಡೆಯಿಂದ ಹೊಡೆಯುವವನನ್ನೇ ಇಟ್ಟಿದ್ದರು: ಕೀತ್–ವೆಬರ್, ವ್ಲಾಸಿಕ್–ಡೌಟಿ, ಬೌಮೀಸ್ಟರ್–ಪಿಯೆಟ್ರಾಂಜೆಲೊ. ಬಲಗಡೆ ಹೊಡೆಯುವವನನ್ನು ಎಡಕ್ಕೆ ನಿಲ್ಲಿಸಿದರೆ ಗೋಡೆ ಪಕ್ಕ ಬರುವ ಪಕ್ಕನ್ನು ಸ್ಟಿಕ್ಕಿನ ಹಿಂಬದಿಯಿಂದ ಹಿಡಿಯಬೇಕು. ಹಿಡಿದು ತಿರುಗಿಸುವ ಅರ್ಧ ಸೆಕೆಂಡಿನಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಅವರ ಕೊರತೆ ಗೋಲು ಹೊಡೆಯುವುದರಲ್ಲಿ: ಆರು ಪಂದ್ಯಕ್ಕೆ 17, ಲಾಟ್ವಿಯಾ ಎದುರು ಬರೀ 2–1. ಆ ರಾತ್ರಿ ಲಾಟ್ವಿಯಾದ ಗೋಲಿ 55 ಹೊಡೆತ ತಡೆದಿದ್ದ.

ಮಹಿಳೆಯರ ತಂಡವನ್ನು ಮರೆತು ಮಾತಾಡುವವರು ತುಂಬ. ಕೆನಡಾದ ಮಹಿಳೆಯರು 2002, 2006, 2010, 2014, ಹೀಗೆ ಸತತ ನಾಲ್ಕು ಒಲಿಂಪಿಕ್ ಚಿನ್ನ ಗೆದ್ದವರು, ಎಲ್ಲರಿಗೂ ಅವಕಾಶ ಇದ್ದ ಟೂರ್ನಿಗಳಲ್ಲೇ. 2014ರ ಫೈನಲ್‌ನಲ್ಲಿ 2–0 ಹಿಂದಿದ್ದರು. ಒಂದು ಗೋಲು ತೀರಿಸಿದ ಮೇಲೆ, ತಮ್ಮ ಗೋಲಿಯನ್ನು ಹೊರಗೆ ಕರೆದು ಒಬ್ಬಳನ್ನು ಹೆಚ್ಚಿಗೆ ಇಳಿಸಿದ್ದಾಗ ಅಮೆರಿಕ ದೂರದಿಂದ ಹೊಡೆದ ಪಕ್ ಖಾಲಿ ಗೋಲಿನ ಕಂಬಕ್ಕೆ ಬಡಿದು ಹೊರಹೋಯಿತು. 55 ಸೆಕೆಂಡ್ ಉಳಿದಾಗ ಮೇರಿ-ಫಿಲಿಪ್ ಪೂಲಾ ಸಮ ಮಾಡಿದಳು, ಓವರ್‌ಟೈಮ್‌ನಲ್ಲಿ ಗೆಲುವಿನ ಗೋಲೂ ಅವಳದೇ. ಮೇಜಿನಲ್ಲಿ ಇದನ್ನು ನೀವೇ ಮೊದಲು ಎತ್ತಿ.

ನೋಡಲು ಒಂದೇ ಪಂದ್ಯ ಸಾಕು ಅಂದರೆ 1987ರ ಕೆನಡಾ ಕಪ್ ಫೈನಲ್‌ನ ಮೂರನೆಯದು, ಹ್ಯಾಮಿಲ್ಟನ್‌ನಲ್ಲಿ ನಡೆದದ್ದು. ಮೂರು ಪಂದ್ಯವೂ 6–5, ಮೊದಲೆರಡು ಓವರ್‌ಟೈಮ್‌ಗೆ ಹೋದವು. ಮೊದಲು ಪೂರ್ತಿ ನೋಡಿ, ಆಮೇಲೆ ಕೊನೆಯ ಎರಡು ನಿಮಿಷಕ್ಕೆ ಮತ್ತೆ ಬನ್ನಿ. ಸ್ಕೋರು 5–5, ಫೇಸ್‌ಆಫ್ (ಇಬ್ಬರು ಎದುರಾಳಿಗಳ ನಡುವೆ ಪಕ್ ಹಾಕಿ ಆಟ ಶುರು ಮಾಡುವುದು) ಕೆನಡಾದ ಗೋಲಿನ ಪಕ್ಕದಲ್ಲಿ. ಕೆನಡಾದ ಲೆಮ್ಯೂ ಪಕ್ಕನ್ನು ಸೋವಿಯತ್ ಡಿಫೆನ್ಸ್‌ನವನ ಬದಿಯಿಂದ ತಳ್ಳುತ್ತಾನೆ, ಗ್ರೆಟ್ಸ್ಕಿ ಎಡಗಡೆಯಿಂದ ತೆಗೆದುಕೊಂಡು ಹೋಗುತ್ತಾನೆ. ಈಗ ಪಕ್ ನೋಡಬೇಡಿ, ಕೆನಡಾದವನೇ ಆದ ಲ್ಯಾರಿ ಮರ್ಫಿಯನ್ನು ನೋಡಿ. ಅವನು ನೇರ ಗೋಲಿನ ಕಡೆ ನುಗ್ಗುತ್ತಾನೆ, ಡಿಫೆನ್ಸ್ ಅವನ ಹಿಂದೆ ಹೋಗುತ್ತದೆ, ಮಧ್ಯ ಖಾಲಿಯಾಗುತ್ತದೆ. ಗ್ರೆಟ್ಸ್ಕಿ ಆ ಖಾಲಿಗೆ ಪಕ್ ಬಿಡುತ್ತಾನೆ, ಲೆಮ್ಯೂ ಗೋಲಿಯ ಗ್ಲೌಸ್ ಮೇಲಿನಿಂದ ಹೊಡೆಯುತ್ತಾನೆ. ಆಗ ಉಳಿದಿದ್ದದ್ದು 1 ನಿಮಿಷ 26 ಸೆಕೆಂಡ್.

ಬಿಡುವಾದ ದಿನ ಯಂಗ್ ಮತ್ತು ಫ್ರಂಟ್ ಬೀದಿಗಳು ಸೇರುವಲ್ಲಿನ ಹಾಕಿ ಹಾಲ್ ಆಫ್ ಫೇಮ್‌ಗೆ ಹೋಗಿ, ಯೂನಿಯನ್ ಸ್ಟೇಷನ್‌ನಿಂದ ಐದು ನಿಮಿಷದ ನಡಿಗೆ. 2002ರ ಒಲಿಂಪಿಕ್ಸ್‌ನಲ್ಲಿ ಐಸ್ ಹಾಕುವಾಗ ಕೆನಡಾದ ಕೆಲಸಗಾರನೊಬ್ಬ ರಿಂಕಿನ ನಟ್ಟನಡುವೆ ಗುಟ್ಟಾಗಿ ಹೂತಿಟ್ಟ ಒಂದು ಡಾಲರ್ ನಾಣ್ಯವನ್ನೂ ಅಲ್ಲಿಗೇ ಕೊಟ್ಟರು. ಆ ಸಲ ಪುರುಷರು 50 ವರ್ಷದ ಮೇಲೆ ಚಿನ್ನ ಗೆದ್ದರು, ಮಹಿಳೆಯರೂ ಗೆದ್ದರು.