ಕೆಟಲ್ ಪಕ್ಕದಲ್ಲಿ ಕೈ ಕಟ್ಟಿ ನಿಲ್ಲುವ ಕೆಲಸ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ ತಂಗಿ. ಸೋಮವಾರಪೇಟೆ ಕಡೆಯ ಹುಡುಗಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ಕಾಯಿಲೆ ಬಿದ್ದವರು ದಿನದ ಕೆಲಸ ಮತ್ತೆ ತಾವೇ ಮಾಡಿಕೊಳ್ಳುವಂತೆ ನೆರವಾಗುವವಳಾಗಿ, ಇಂಗ್ಲೆಂಡಿಗೆ ಬರುತ್ತಿದ್ದಾಳೆ ಅಂದರೆ ನನಗೂ ಹೆಮ್ಮೆ. ಚಳಿ ತಡೆಯಬಹುದಾ, ಬಾಡಿಗೆ ಎಷ್ಟು, ಕಾರು ಬೇಕೇ ಬೇಕಾ, ರೋಗಿಗಳ ಮನೆಗೆ ಹೋದಾಗ ಏನೇನು ನೋಡಬೇಕು ಅಂತ ಕೇಳಿದ್ದೀಯ.

ಶಾಂತಳ್ಳಿ ಮಳೆಯಲ್ಲಿ ಶಾಲೆಗೆ ಹೋದವಳು ಇಲ್ಲಿಯ ಮಳೆಗೆ ಹೆದರಬೇಡ. ಕತ್ತಲು ಮಾತ್ರ ಬೇಜಾರು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ದೀಪ ಹಾಕಬೇಕು. ಬಾಡಿಗೆ ಊರಿಂದ ಊರಿಗೆ ಬೇರೆ, ನೀನು ಸೇರುವ ಟೀಮಿನವರನ್ನೇ ಕೇಳು. ಕಾರು ಬೇಕು. ನಮ್ಮ ಲೈಸೆನ್ಸಿನಲ್ಲಿ 12 ತಿಂಗಳು ಓಡಿಸಬಹುದು, ಅಷ್ಟರೊಳಗೆ ಇಲ್ಲಿಯ ಪರೀಕ್ಷೆ ಪಾಸ್ ಮಾಡಿಕೋ. ಎಚ್‌ಸಿಪಿಸಿ (ಇಲ್ಲಿ ಆರೋಗ್ಯ ವೃತ್ತಿಯವರನ್ನು ನೋಂದಾಯಿಸುವ ಸಂಸ್ಥೆ) ನೋಂದಣಿ ಇಲ್ಲದೆ ಆಕ್ಯುಪೇಷನಲ್ ಥೆರಪಿಸ್ಟ್ ಅಂತ ಹೇಳಿಕೊಳ್ಳುವುದೇ ಕಾನೂನಿಗೆ ವಿರುದ್ಧ, ಅದು ನಿನಗೆ ಗೊತ್ತೇ ಇದೆ.

ಇನ್ನು ಮನೆ ನೋಡುವ ವಿಷಯ. ಟೇಪ್ ಯಾವಾಗಲೂ ಬ್ಯಾಗಿನಲ್ಲಿರಲಿ. ರೋಗಿಯ ಮಂಡಿಯ ಹಿಂದಿನಿಂದ ನೆಲದವರೆಗೆ ಮೊದಲು ಅಳೆ. ಕುರ್ಚಿ, ಮಂಚ, ಕಮೋಡ್ ಎಲ್ಲದರ ಎತ್ತರ ಆಮೇಲೆ ಅದಕ್ಕೆ ಹೋಲಿಸು. ಹಳೆಯ ಮನೆಗಳಲ್ಲಿ ಬಚ್ಚಲು ಮಹಡಿಯಲ್ಲಿರುತ್ತದೆ, ಮೆಟ್ಟಿಲು ಕಡಿದು. ವಾಕರ್ ಹಿಡಿದು ಮೆಟ್ಟಿಲು ಹತ್ತಲಾಗದು, ಹಾಗಾಗಿ ಕೆಳಗೊಂದು ಮೇಲೊಂದು ವಾಕರ್ ಕೊಡಿಸುವುದುಂಟು. ರ‍್ಯಾಂಪ್‌ಗೆ 1:12 ಲೆಕ್ಕ, ಅಂದರೆ ಅರ್ಧ ಅಡಿ ಎತ್ತರಕ್ಕೆ ಆರಡಿ ಉದ್ದ. ನಮ್ಮ ಕಡೆ ಮೂರಡಿ ಎತ್ತರದ ಜಗಲಿಗೆ ಹಾಕಿಸಿದರೆ 36 ಅಡಿ ಬೇಕು, ಕಾಫಿ ಕಣದ ಒಳಗೇ ನುಗ್ಗುತ್ತದೆ! ಇಂಗ್ಲೆಂಡಿನಲ್ಲಿ ಮನೆಯ ದೊಡ್ಡ ಬದಲಾವಣೆಗೆ 30,000 ಪೌಂಡಿನವರೆಗೂ ಕೌನ್ಸಿಲ್‌ನಿಂದ ಅಂದರೆ ಸ್ಥಳೀಯ ಆಡಳಿತದಿಂದ ಸಹಾಯಧನ ಸಿಗಬಹುದು. ಆದಾಯ ನೋಡುತ್ತಾರೆ, ಕಾಯಬೇಕಾಗುತ್ತದೆ. ಜಾರುವ ನೆಲ ಯಾವುದು ಅಂತ ನಿನಗೆ ಯಾರೂ ಕಲಿಸಬೇಕಾಗಿಲ್ಲ. ಆಟಿ ತಿಂಗಳಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿ ಬೆಳೆದವರು ನಾವು.

ಅಳತೆ ಯಾರಾದರೂ ಕಲಿಯುತ್ತಾರೆ. ನನಗೆ ಕಷ್ಟವಾಗಿದ್ದು ಸುಮ್ನೆ ನಿಲ್ಲುವುದು. ಬಂದ ಹೊಸದರಲ್ಲಿ ಸೊಂಟದ ಮೂಳೆ ಮುರಿದಿದ್ದ ಒಬ್ಬ ಅಜ್ಜಿಯನ್ನು ನೋಡಲು ಸೀನಿಯರ್ ಜೊತೆ ಹೋಗಿದ್ದೆ. ಕಾರಿನಲ್ಲೇ ಸೀನಿಯರ್ ಹೇಳಿದ್ದರು: ಅವರು ಟೀ ಮಾಡಲಿ, ನೀನು ಮುಟ್ಟಬೇಡ, ಬೀಳುವ ಹಾಗಾದರೆ ಮಾತ್ರ ಹಿಡಿ. ಹಿರಿಯರು ಒಲೆ ಮುಂದೆ ನಡುಗುತ್ತಾ ನಿಂತಿರುವಾಗ ಕೈ ಕಟ್ಟಿ ನೋಡುವುದು ನಮ್ಮ ಮನೆಗಳಲ್ಲಿ ಉಂಟಾ? ನನಗೆ ಬೆವರು ಬಂತು. ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿಸುವ ಅಡುಗೆಮನೆಯಲ್ಲಿ ಅಜ್ಜಿ ಚೆನ್ನಾಗಿಯೇ ಮಾಡಿದ್ದರು. ಮನೆಯಲ್ಲಿ ಕೆಟಲ್ ಒಂದು ಮೂಲೆ, ನಲ್ಲಿ ಇನ್ನೊಂದು ಮೂಲೆ. ಎರಡೂ ಕೈ ವಾಕರ್ ಮೇಲೆ, ತುಂಬಿದ ಕೆಟಲ್ ಹೊರುವುದು ಯಾವುದರಲ್ಲಿ? ಕಪ್ ಅನ್ನು ಅಡುಗೆ ಕಟ್ಟೆಯ ಮೇಲೆ ತಳ್ಳಿಕೊಂಡು ಬಂದರು, ಕಟ್ಟೆ ಮುಗಿದಲ್ಲಿ ನಿಂತರು. ನಾನು ಮುಂದೆ ಹೋಗಿ ಕೆಟಲ್ ತುಂಬಿಸಿಕೊಟ್ಟಿದ್ದರೆ ಇದೊಂದೂ ಕಾಣುತ್ತಿರಲಿಲ್ಲ. ಕೆಟಲ್ ನಲ್ಲಿ ಪಕ್ಕಕ್ಕೆ ಬಂತು, ಸಣ್ಣ ಜಗ್ಗಿನಲ್ಲಿ ಒಂದು ಕಪ್ಪಿಗಾಗುವಷ್ಟೇ ನೀರು, ಕಟ್ಟೆ ಬಳಿ ಎತ್ತರದ ಸ್ಟೂಲು. ಟೀ ಅಲ್ಲೇ ಕುಳಿತು ಕುಡಿಯುವುದು ಅಂತಾಯಿತು.

ಇದನ್ನು ಬರೆಯುವಾಗ ನನ್ನ ಅಪ್ಪ ನೆನಪಾಗುತ್ತಾರೆ. ಲಕ್ವ ಹೊಡೆದದ್ದು ಎಡಗೈಗೆ. ಬಲಗೈ ಚೆನ್ನಾಗಿತ್ತು, ಬುದ್ಧಿಯೂ ಚುರುಕಾಗಿತ್ತು. ಆದರೂ ಅಮ್ಮ ತುತ್ತು ಮಾಡಿ ಕೊಟ್ಟರು, ಅತ್ತಿಗೆ ಗುಂಡಿ ಹಾಕಿದರು, ತೋಟದ ಆಳುಗಳ ಲೆಕ್ಕದ ಪುಸ್ತಕವನ್ನು ಅಣ್ಣ ತನ್ನ ಕೈಗೆ ತೆಗೆದುಕೊಂಡ. ಎಲ್ಲಾ ಪ್ರೀತಿಯಿಂದಲೇ. ಲೆಕ್ಕ ಅಪ್ಪನೇ ಬರೆಯಲಿ ಅಂತ ಫೋನಿನಲ್ಲಿ ಹೇಳಿದೆ. ‘ಅಲ್ಲಿ ಕೂತು ಹೇಳೋದು ಸುಲಭ’ ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅಪ್ಪ ಜಗಲಿಯಲ್ಲೇ ಕುಳಿತು ಹೋದರು. ಹಾಗಂತ ಇಲ್ಲಿಯವರದ್ದೇ ಸರಿ ಅಂತಲೂ ಹೇಳಲಾರೆ. ಆ ಅಜ್ಜಿ ಟೀ ಮಾಡಿಕೊಂಡರು ನಿಜ, ಜೊತೆಗೆ ಕುಡಿಯಲು ಯಾರೂ ಇರಲಿಲ್ಲ.

ಮತ್ತೊಂದು ಮಾತು. ಇಲ್ಲಿ ಮಗನನ್ನಲ್ಲ, ರೋಗಿಯನ್ನೇ ಕೇಳಬೇಕು. ಎಡವುವ ಚಾಪೆ ತೆಗೆಯಲ್ಲ ಅಂದರೆ ಅದು ಅವರ ಇಷ್ಟ. ತಪ್ಪು ನಿರ್ಧಾರ ಮಾಡಿದ ಮಾತ್ರಕ್ಕೆ ತಿಳಿವಳಿಕೆ ಇಲ್ಲ ಅನ್ನುವ ಹಾಗಿಲ್ಲ ಅಂತ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯೇ ಹೇಳುತ್ತದೆ. ಅಪಾಯ ತಿಳಿಸು, ಹೇಳಿದ್ದನ್ನು ಬರೆದಿಡು. ಒಬ್ಬಳೇ ಹೋಗುವಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ಅಂತ ಆಫೀಸಿಗೆ ತಿಳಿಸಿ ಹೋಗು, ಹೊರಬಂದ ಮೇಲೆ ಫೋನ್ ಮಾಡು. ನಾಯಿ ಇದೆಯಾ ಅಂತಲೂ ಮೊದಲೇ ಕೇಳಿಕೋ.

ನಿಮ್ಮ ಮನೆಯಲ್ಲೂ ಅಜ್ಜಿ ಇದ್ದಾರೆ ಅಂದೆಯಲ್ಲ, ಹೊರಡುವ ಮೊದಲು ಬಚ್ಚಲಿಗೊಂದು ಹಿಡಿ ಹಾಕಿಸು. ಮಣ್ಣಿನ ಗೋಡೆಯಾದರೆ ಸ್ಕ್ರೂ ನಿಲ್ಲುವುದಿಲ್ಲ, ನೆಲಕ್ಕೆ ಕಬ್ಬಿಣದ ಕಂಬ ಕಾಂಕ್ರೀಟ್ ಹಾಕಿ ನಿಲ್ಲಿಸಲಿ. ಟವೆಲ್ ಹಾಕುವ ಕಂಬಿ ನಂಬಬೇಡಿ. ಕಾಫಿಪುಡಿ ತರಲಾ ಅಂತ ಕೇಳಿದ್ದೀಯ. ತಾ, ಚಿಕೋರಿ ಬೆರೆಸದ್ದು.