ತೀರ್ಪು ಬರುವ ಮುಂಚೆ ಶೇರು ಮಾರಬೇಕೇ?

ಪೇಟೆಂಟ್ ಕೇಸಿನಲ್ಲಿ ಸಿಕ್ಕ ಕಂಪನಿಯ ಶೇರು ಕೈಯಲ್ಲಿದೆ, ಯಾರು ಗೆಲ್ಲಬಹುದು, ತೀರ್ಪಿನ ಮುಂಚೆಯೇ ಮಾರಲೇ ಅಂತ ಕೇಳಿದ್ದೀರಿ. 2019ರ ಜನವರಿಯಲ್ಲಿ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕೂತು ನಾನೂ ಇದೇ ಚಿಂತೆಯಲ್ಲಿದ್ದೆ.

ಬ್ಯಾಂಕಿನಲ್ಲಿ ವಿದೇಶಕ್ಕೆ ಹಣ ಕಳಿಸುವ ಎ2 ಫಾರಂ ತುಂಬಿ, ಡಾಲರ್ ಕಳಿಸಿ, ಅಮೆರಿಕದ ಚಿಪ್ ಕಂಪನಿ ಕ್ವಾಲ್‌ಕಾಮ್‌ನ 40 ಶೇರು ತಗೊಂಡಿದ್ದೆ, ಒಂದಕ್ಕೆ ಸುಮಾರು 70 ಡಾಲರಿನಂತೆ. ಆಪಲ್ ಜೊತೆ ಅದರ ಪೇಟೆಂಟ್ ಜಗಳ 2017ರಿಂದ ನಡೆದಿತ್ತು. 2018ರ ಡಿಸೆಂಬರಿನಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟು ಕೆಲವು ಐಫೋನ್‌ಗಳ ಮಾರಾಟಕ್ಕೆ ತಡೆ ಕೊಟ್ಟಾಗ ಹಿಗ್ಗಿದೆ. ಜನವರಿಯಲ್ಲಿ ಅದೇ ದೇಶದ ಮ್ಯಾನ್‌ಹೈಮ್ ಕೋರ್ಟು ಕ್ವಾಲ್‌ಕಾಮ್‌ನ ಇನ್ನೊಂದು ದಾವೆ ವಜಾ ಮಾಡಿದಾಗ ಕುಗ್ಗಿದೆ. ಚಳಿಗಾಲದಲ್ಲಿ ಅಮೆರಿಕದ ಮಾರ್ಕೆಟ್ ನಮ್ಮ ರಾತ್ರಿ ಎಂಟಕ್ಕೆ ತೆರೆಯುತ್ತದೆ. ತಾಟಿನ ಮುಂದೆ ಕೂತರೂ ಕಣ್ಣು ಮೊಬೈಲಿನ ಮೇಲೆ. ತಿಂಗಳ ಕೊನೆಗೆ 50 ಡಾಲರಿನ ಆಸುಪಾಸಿನಲ್ಲಿ ಅಷ್ಟೂ ಮಾರಿದೆ.

ನಮ್ಮಪ್ಪ ನವಲಗುಂದದ ಕಡೆಯ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿದವರು. ನಾನು ಶೇರು ಮಾರಿದ್ದು ಕೇಳಿ, "ಲಾವಣಿ ರೊಕ್ಕ ತಡದಾರಂತ ಹೊಲಾನ ಮಾರಿದೇನು?" ಅಂದರು.

ನಾನು ಎಡವಿದ್ದು ಅಲ್ಲೇ. ಕ್ವಾಲ್‌ಕಾಮ್ ಚಿಪ್ ಮಾರುತ್ತದೆ ನಿಜ, ಆದರೆ ಆಗ ಲಾಭದ ದೊಡ್ಡ ಪಾಲು ಬರುತ್ತಿದ್ದದ್ದು ಪೇಟೆಂಟ್ ಲೈಸೆನ್ಸಿನಿಂದ, ಅಂದರೆ ತನ್ನ ತಂತ್ರಜ್ಞಾನ ಬಳಸುವವರು ಕಟ್ಟುವ ರಾಯಲ್ಟಿಯಿಂದ. ಐಫೋನ್ ಜೋಡಿಸುವ ಕಂಪನಿಗಳು 2017ರಲ್ಲೇ ರಾಯಲ್ಟಿ ಕಟ್ಟೋದು ನಿಲ್ಲಿಸಿದ್ದವು. ಆ ಹಣ ಬರುತ್ತಿಲ್ಲ ಅನ್ನೋ ಲೆಕ್ಕ ಹಿಡಿದೇ ಶೇರು ಇಳಿದಿತ್ತು. ಅಪ್ಪನ ಹೊಲದ ಹಾಗೆ ಪೇಟೆಂಟ್‌ಗಳು ಎಲ್ಲಿಗೂ ಹೋಗಿರಲಿಲ್ಲ, ಜಗಳ ಇದ್ದದ್ದು ದರದ ಮೇಲೆ. ರಾಜಿಯಾದರೆ ಬಾಕಿಯೂ ಬರುತ್ತದೆ, ಮುಂದಿನ ದರವೂ ಗಟ್ಟಿಯಾಗುತ್ತದೆ. ಲೈಸೆನ್ಸಿನ ಗಳಿಕೆ ಎಷ್ಟು, ತಡೆಹಿಡಿದದ್ದು ಏನು, ಎಲ್ಲ ವಾರ್ಷಿಕ ವರದಿಯಲ್ಲಿತ್ತು. ಅದನ್ನು ತೆರೆಯದೆ, ಒಂದೊಂದು ಕೋರ್ಟಿನ ಆದೇಶವನ್ನು ಕ್ರಿಕೆಟ್ ಸ್ಕೋರಿನ ಹಾಗೆ ಎಣಿಸಿದೆ.

ಏಪ್ರಿಲ್ 16ರಂದು ಅಮೆರಿಕದ ಸ್ಯಾನ್ ಡಿಯಾಗೋ ಕೋರ್ಟಿನಲ್ಲಿ ವಕೀಲರ ಮೊದಲ ಮಾತು ನಡೆದಿರುವಾಗಲೇ ಇಬ್ಬರೂ ರಾಜಿಯಾದರು. ತೀರ್ಪೇ ಬರಲಿಲ್ಲ. ಒಂದೇ ದಿನ ಶೇರು ಶೇ. 23 ಏರಿ 70 ಡಾಲರ್ ದಾಟಿತು. ಮರುದಿನ ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ಸಿನಲ್ಲಿ ಅದನ್ನು ನೋಡಿದೆ. ಅಪ್ಪಗೆ ಹೇಳೋಕೆ ಬಾಯಿ ಬರಲಿಲ್ಲ.

ಹಾಗಾಗಿ ನೋಡ್ರಿ, ಯಾರು ಗೆಲ್ಲುತ್ತಾರೆ ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಗಳಿಕೆಯ ಎಷ್ಟು ಪಾಲು ಆ ಕೇಸಿಗೆ ಸಿಕ್ಕಿಕೊಂಡಿದೆ ಅಂತ ಕೇಳಿ. 2012ರ ಆಗಸ್ಟಿನಲ್ಲಿ ಇನ್ನೊಂದು ಪೇಟೆಂಟ್ ಕೇಸಿನಲ್ಲಿ ಸ್ಯಾಮ್‌ಸಂಗ್ ಆಪಲ್‌ಗೆ ಸುಮಾರು 105 ಕೋಟಿ ಡಾಲರ್ ಕೊಡಬೇಕು ಅಂತ ಅಮೆರಿಕದ ಜ್ಯೂರಿ ಹೇಳಿದಾಗ ಸ್ಯಾಮ್‌ಸಂಗ್ ಶೇರು ಒಂದೇ ದಿನ ಶೇ. 7ಕ್ಕೂ ಹೆಚ್ಚು ಬಿತ್ತು. ಕೇಸು ಎಳೆದಾಡಿ 2018ರಲ್ಲಿ ರಾಜಿಯಲ್ಲಿ ಮುಗಿಯಿತು, ಅಷ್ಟೂ ವರ್ಷ ಸ್ಯಾಮ್‌ಸಂಗ್ ಫೋನು ಮಾರುತ್ತಲೇ ಇತ್ತು.

ಕಂಪನಿ ಒಂದೇ ವಸ್ತುವಿನ ಮೇಲೆ ನಿಂತಿದ್ದು, ಅದರ ಮಾರಾಟಕ್ಕೇ ತಡೆ ಬರುವಂತಿದ್ದರೆ ಸ್ವಲ್ಪ ಮಾರಿ. ಇಲ್ಲದಿದ್ದರೆ ತೀರ್ಪಿನ ತಾರೀಖು ನೋಡಿ ಮಾರಲೇಬೇಡಿ. ಕಂಪನಿ ಯಾವುದು ಅಂತ ನೀವು ಬರೆದಿಲ್ಲ. ವಾರ್ಷಿಕ ವರದಿ ತೆಗೆದು ಆ ವಸ್ತುವಿನ ಆದಾಯ ಎಷ್ಟಿದೆ ನೋಡಿ ಇಲ್ಲಿ ಹಾಕಿರಿ, ಆಮೇಲೆ ಮಾತಾಡೋಣ.