ದಂಡ ಕಟ್ಟಿ ಮುಗಿಸಬಹುದಾ, ರಸ್ತೆ ಬದಿ ಗಿಡದ ಕೆಲಸ ಮಾಡಲೇಬೇಕಾ?

ತಮ್ಮ ಕುಡಿದು ಬಸ್ ಸ್ಟ್ಯಾಂಡಿನಲ್ಲಿ ಗಲಾಟೆ ಮಾಡಿದ, ರಸ್ತೆ ಬದಿ ಗಿಡದ ಕೆಲಸ ಹಾಕಬಹುದು ಅಂತ ವಕೀಲರು ಹೇಳಿದ್ದಾರೆ, ನೆಂಟರು ನೋಡಿದರೆ ಮಾನ ಹೋಗುತ್ತದೆ ಅಂತ ಬರೆದಿದ್ದೀರಿ. ನಾನೂ ಅದೇ ಕೇಸಿನವನು. ಊರು ಚಿಕ್ಕಬಳ್ಳಾಪುರ. ಗೆಳೆಯನ ಮದುವೆ, ಜಾಸ್ತಿ ಆಯಿತು, ರಸ್ತೆಯಲ್ಲಿ ಕೂಗಾಡಿದೆ. ಅಷ್ಟೇ ಕಥೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರ 355ನೇ ಸೆಕ್ಷನ್ ಇದು. 24 ಗಂಟೆವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಇಲ್ಲವೇ ಸಮುದಾಯ ಸೇವೆ, ಅಂದರೆ ನಿಮ್ಮ ವಕೀಲರು ಹೇಳಿದ ಗಿಡದ ಕೆಲಸದಂಥದ್ದು. ಯಾವುದು ಅಂತ ಹೇಳುವವರು ಜಡ್ಜ್, ನೀವಲ್ಲ. ದಂಡ ಕಟ್ಟಿದರೂ ಅದು ಶಿಕ್ಷೆಯೇ. ಹಾಗಾಗಿ ಆ ಲೆಕ್ಕಾಚಾರ ಬಿಡಿ.

ನನಗೆ ಸಿಕ್ಕಿದ್ದು ಡಿವೈಡರ್. ಕಳೆ ಕೀಳುವುದು, ಪಾತಿ ಮಾಡುವುದು, ಟ್ಯಾಂಕರ್ ಬಂದಾಗ ಪೈಪ್ ಹಿಡಿಯುವುದು, ಕಣಗಿಲೆ ಸವರುವುದು. ಡಿವೈಡರಿಗೆ ಕಣಗಿಲೆಯನ್ನೇ ಯಾಕೆ ಹಾಕುತ್ತಾರೆ ಅಂತ ಮಾಲಿ ಹೇಳಿದರು. ನಮ್ಮ ಕಡೆ ನೀರಿಗೇ ಬರ, ಅದು ಕಡಿಮೆ ನೀರಿನಲ್ಲೂ ಬದುಕುತ್ತದೆ. ಎದುರು ಗಾಡಿಯ ಲೈಟು ಕಣ್ಣಿಗೆ ಹೊಡೆಯುವುದಿಲ್ಲ. ದನ, ಮೇಕೆ ಬಾಯಿ ಹಾಕುವುದಿಲ್ಲ, ಯಾಕೆಂದರೆ ಇಡೀ ಗಿಡವೇ ವಿಷ.

ಅಷ್ಟು ಕೇಳಿಯೂ ಬರಿಗೈಯಲ್ಲಿ ಸವರಿದೆ. ಬೆವರು ಇಳಿಯಿತು, ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಂಡೆ. ಊದಿಕೊಂಡಿತು. ಡಾಕ್ಟರ್ ಔಷಧಿ ಕೊಟ್ಟರು, ಇಳಿಯಿತು. ಆದರೆ ಪೆಟ್ಟು ಬಿದ್ದಿದ್ದು ಕಣ್ಣಿನಿಂದಲ್ಲ. ಮಾರನೇ ದಿನ ಕೆಲಸಕ್ಕೆ ಹೋಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹುಷಾರಿಲ್ಲ ಅಂತ ಗೊತ್ತಾಗುತ್ತೆ ಬಿಡು ಅಂದುಕೊಂಡೆ. ಯಾರಿಗೆ ಗೊತ್ತಾಗಬೇಕು? ಹಾಜರಿ ಪುಸ್ತಕದಲ್ಲಿ ಸಹಿ ಇಲ್ಲ ಅಂದರೆ ಗೈರು. ಕೋರ್ಟಿಗೆ ಹೋಗಿದ್ದು ಆ ಪುಸ್ತಕದ ವರದಿ. ಡಾಕ್ಟರ್ ಚೀಟಿ ಇತ್ತು ನನ್ನ ಹತ್ತಿರ, ಜೇಬಿನಲ್ಲೇ ಇತ್ತು! ಅವತ್ತೇ ಮೇಲ್ವಿಚಾರಕರಿಗೆ ಕೊಟ್ಟಿದ್ದರೆ ಒಂದು ಸಾಲು ಬರೆದುಕೊಳ್ಳುತ್ತಿದ್ದರು. ಫೋನ್ ಮಾಡಿದ್ದರೂ ಸಾಕಿತ್ತು, ನಂಬರ್ ಕೊಟ್ಟಿದ್ದರು. ಆಮೇಲೆ ತೋರಿಸಿದ ಚೀಟಿ ನೆಪದ ಹಾಗೆ ಕಾಣುತ್ತದೆ ಅಲ್ವಾ? ಕೆಲಸ ತಪ್ಪಿಸಿಕೊಂಡವನು ಅಂತಾಯಿತು. ಮತ್ತೆ ಕೋರ್ಟು, ಮತ್ತೆ ವಕೀಲರ ಫೀಸು. ಆ ಫೀಸೇ ಸಾವಿರ ರೂಪಾಯಿ ದಾಟಿತು.

ಇನ್ನು ಮಾನದ ಮಾತು. ನಮ್ಮ ಚಿಕ್ಕಪ್ಪ ಬೈಕ್ ನಿಲ್ಲಿಸಿ, "ಏನೋ, ನಗರಸಭೆಯಲ್ಲಿ ಕೆಲಸ ಸಿಕ್ತಾ?" ಅಂತ ಖುಷಿಯಿಂದ ಕೇಳಿದರು. ಹೂಂ ಅಂದೆ. ಡಿವೈಡರ್ ಮೇಲೆ ಕೆಲಸ ಮಾಡುವವರ ಮುಖ ಯಾರೂ ಸರಿಯಾಗಿ ನೋಡುವುದಿಲ್ಲ, ಸುಮ್ನೆ ಹೆದರಬೇಡಿ.

ತಮ್ಮನಿಗೆ ಆ ಕೆಲಸವೇ ಬಂದರೆ ಕೂಲಿ ಸಿಗುವುದಿಲ್ಲ, ಕಾನೂನೇ ಹಾಗಿದೆ. ಆದೇಶದ ಪ್ರತಿ ತೆಗೆದುಕೊಳ್ಳಿ, ಎಷ್ಟು ದಿನ, ಯಾರು ಸಹಿ ಹಾಕುತ್ತಾರೆ ಅಂತ ಮೊದಲೇ ಕೇಳಿ. ಪಾಪ ಅಂತ ಅವನ ಬದಲು ನೀವು ಹೋಗಿ ನಿಲ್ಲಬೇಡಿ. ಕೈಗವಸು ಅವರೇ ಕೊಡುತ್ತಾರೆ ಅಂತ ಕಾಯುತ್ತಾ ಕೂರಬೇಡಿ, ಹಾರ್ಡ್‌ವೇರ್ ಅಂಗಡಿಯಿಂದ ಒಂದು ಜೊತೆ ತಂದುಕೊಡಿ.